ಅಪ್‌ಡೇಟ್: ಗೋಡೆಯೊಳಗೆ ಕೊಳೆತಿದ್ದ ಜಂತೆಗಳು ಸರಿಹೋದವು

ಹಳೇ ಮನೆಯ ಮರದ ಚಾವಣಿ ಒಂದು ಕಡೆ ಜಗ್ಗಿದೆ, ಅದನ್ನು ಹೊರುವ ಆರು ಜಂತೆಗಳ (ಅಡ್ಡ ಮರಗಳ) ತುದಿ ಗೋಡೆಯೊಳಗೇ ಕೊಳೆತಿದೆ, ಎಲ್ಲ ಕಿತ್ತು ಹಾಕಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ. ಹಳೇದರ ಮಗ್ಗುಲಿಗೆ ಅದೇ ಎತ್ತರದ ಹೊಸ ಜಂತೆ ಕೊಟ್ಟು ಬೋಲ್ಟ್ ಬಿಗಿಯಿರಿ ಅಂದವರ ಮಾತೇ ಸರಿ.

ಕೊಳೆತ ಕಡೆ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬುವ ಉಪಾಯ ಕೈಕೊಟ್ಟಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಗೇಣುದ್ದ ಒಳಗೂ ಮರ ಪುಡಿಪುಡಿ. ಅಂಟು ಹಿಡಿಯೋದಕ್ಕೆ ಗಟ್ಟಿ ಜಾಗವೇ ಇರಲಿಲ್ಲ.

ಮೊದಲು ಗೋಡೆಯಿಂದ ಎರಡಡಿ ಬಿಟ್ಟು ಸಾಲಾಗಿ ಜಾಕ್, ಮೇಲೂ ಕೆಳಗೂ ದಪ್ಪ ಹಲಗೆ. ದಿನಕ್ಕೆ 3 ಮಿ.ಮೀ.ಗಿಂತ ಹೆಚ್ಚು ಎತ್ತಲಿಲ್ಲ; ಅವಸರ ಮಾಡಿದರೆ ಮೇಲಿನ ಗಾರೆ ಬಿರುಕು ಬಿಡುತ್ತೆ. ಆಮೇಲೆ ಕೊಳೆತದ್ದನ್ನು ಕೊಯ್ದು ತೆಗೆದದ್ದಾಯ್ತು.

ತಲೆನೋವಾಗಿದ್ದು ಎರಡೂ ಗೋಡೆಯೊಳಗೆ ಕೂರಬೇಕಾದ ಉದ್ದನೆಯ ಮರವನ್ನು ಒಳಗೆ ಸೇರಿಸೋದು. ಒಂದು ಕಡೆ ಜಂತೆ ಕೂರುವ ಗೋಡೆಯ ಗೂಡನ್ನು ಎರಡರಷ್ಟು ಆಳ ಕೊರೆದು, ಓರೆಯಾಗಿ ತೂರಿಸಿ, ಮಟ್ಟಕ್ಕೆ ತಂದು ಹಿಂದಕ್ಕೆ ಎಳೆದರೆ ಕೂರುತ್ತೆ. ಎರಡೂ ತುದಿಗೆ 100 ಮಿ.ಮೀ. ಆಸರೆ ಸಿಗಲೇಬೇಕು. ಬೋಲ್ಟ್ 12 ಮಿ.ಮೀ., 40 ಸೆಂ.ಮೀ.ಗೊಂದು, ಅಗಲ ವಾಷರ್ ಸಮೇತ, ಒಂದು ಮೇಲೆ ಒಂದು ಕೆಳಗೆ. ಒಂದೇ ಗೆರೆಯಲ್ಲಿ ಹಾಕಿದರೆ ಮರ ಎಳೆಗುಂಟ ಸೀಳುತ್ತೆ.

ಅಚ್ಚರಿ ಅಂದ್ರೆ, ಮರ ಕೊಳೆತದ್ದು ಚಾವಣಿ ಸೋರಿ ಅಲ್ಲ! ಹಿಂದೆ ಯಾರೋ ಜಂತೆಯ ತುದಿ ಸುತ್ತ ಸಿಮೆಂಟ್ ಮೆತ್ತಿದ್ದರು, ಗೋಡೆಯ ತೇವ ಅಲ್ಲೇ ಉಳಿದಿತ್ತು. ಈಗ ಜಂತೆಯ ತುದಿಯ ಕೆಳಗೆ ತೇವ ತಡೆಯೋ ಟಾರ್ ಶೀಟ್, ಪಕ್ಕಕ್ಕೂ ತುದಿಗೂ ಬೆರಳು ತೂರುವಷ್ಟು ಸಂದಿ. ಹತ್ತು ದಿನಕ್ಕೆ ಮರ ಒಣಗಿ ನಟ್‌ಗಳು ಅರ್ಧ ಸುತ್ತು ಸಡಿಲವಾಗಿದ್ದವು, ಮತ್ತೆ ಬಿಗಿದಿದ್ದೇನೆ.