ಮುರುಗಲು ಶರಬತ್ತು: ಮೂರನೇ ಹಂಗಾಮಿಗೆ ಕಾಯಲೇ, ಬೆಂಗಳೂರಿನ ಬಸ್ ಹತ್ತಲೇ?

ಕೇಳಿದವರು: ಶಿರಸಿ ತಾಲ್ಲೂಕು, ವಯಸ್ಸು 26

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಮುರುಗಲು (ಕೋಕಂ) ಹಣ್ಣಿನ ಶರಬತ್ತು ಮಾಡಿ ಮಾರುತ್ತಿದ್ದೇನೆ. ಎರಡು ಹಂಗಾಮು ಮುಗಿದವು. ಮೂರು ಲಕ್ಷ ರೂಪಾಯಿ ಉಳಿತಾಯದಲ್ಲಿ ಈಗ ಕೈಯಲ್ಲಿರುವುದು ಎಪ್ಪತ್ತು ಸಾವಿರ. ಈ ವರ್ಷ ಬೆಂಗಳೂರಿನ ಅಂಗಡಿಗಳಿಗೆ ಕೊಟ್ಟ ನಾನೂರು ಬಾಟಲಿಗಳಲ್ಲಿ ಅರವತ್ತು ವಾಪಸು ಬಂದವು. ಮುಚ್ಚಳ ಉಬ್ಬಿ, ಒಳಗೆ ನೊರೆ ಬಂದಿತ್ತು. ಉಳಿದ ಬಾಟಲಿಗಳ ಹಣ ಪೂರ್ತಿ ಬಂದಿಲ್ಲ. ಜೊತೆಗೆ ಓದಿದವರು ಫ್ಲ್ಯಾಟ್ ಕೊಳ್ಳುತ್ತಿದ್ದಾರೆ. ಅಪ್ಪ ಬೈಯುವವರಲ್ಲ, ಊಟಕ್ಕೆ ಕುಳಿತಾಗ ಬೆಂಗಳೂರಿನ ಬಸ್ ಎಷ್ಟು ಗಂಟೆಗೆ ಎಂದು ಅಮ್ಮನ ಹತ್ತಿರ ಕೇಳುತ್ತಾರೆ, ಅಷ್ಟೇ.

ಸ್ವಂತ ಉದ್ಯೋಗ ಮಾಡಿ ನಿಂತವರು, ಮಾಡಿ ಬಿಟ್ಟವರು, ಇಬ್ಬರೂ ನಿಮ್ಮ ಅನುಭವ ಹೇಳಿ. "ಛಲ ಬಿಡಬೇಡ" ಎಂಬ ಮಾತನ್ನು ದಿನಕ್ಕೆ ಹತ್ತು ವಿಡಿಯೊಗಳಲ್ಲಿ ಕೇಳುತ್ತಿದ್ದೇನೆ. ಅದೊಂದು ಬೇಡ.

ಶಿರಸಿ ಸಮೀಪದ ಹಳ್ಳಿ, ಅಪ್ಪೆಮಿಡಿ ಉಪ್ಪಿನಕಾಯಿ

ತಮ್ಮಾ, ಮೊದಲು ಆ ಉಬ್ಬಿದ ಮುಚ್ಚಳದ ವಿಷಯ. ನಿನ್ನ ಛಲಕ್ಕೆ ಏನೂ ಆಗಿಲ್ಲ, ಸಕ್ಕರೆ ಕಡಿಮೆಯಾಗಿದೆ. ಮನೆಯಲ್ಲಿ ಭರಣಿಯಲ್ಲಿ ಸಿಪ್ಪೆಯನ್ನೂ ಸಕ್ಕರೆಯನ್ನೂ ಪದರ ಪದರವಾಗಿ ಹಾಕಿ ಬಿಸಿಲಿಗಿಟ್ಟು ಮಾಡಿದ ಶರಬತ್ತು ಸ್ವಲ್ಪ ಹುಳಿಬಂದರೆ ಅಜ್ಜಿ ಅದನ್ನು ಬದಿಗಿಡುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಮೂರು ತಿಂಗಳು ನಿಲ್ಲಬೇಕಾದ ಬಾಟಲಿಗೆ ಕಣ್ಣಂದಾಜು ಸಾಲದು. ಸಿರಪ್ಪಿನಲ್ಲಿ ಕರಗಿದ ಘನಾಂಶ ಕನಿಷ್ಠ ಶೇಕಡಾ 65 ಇರಬೇಕೆಂದು ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ಅದಕ್ಕಿಂತ ಕೆಳಗಿಳಿದರೆ ಹುಳಿಸುವ ಸೂಕ್ಷ್ಮಜೀವಿಗಳಿಗೆ ಹಬ್ಬ. ರಿಫ್ರ್ಯಾಕ್ಟೋಮೀಟರ್ ಎಂಬ ಗೇಣುದ್ದದ ಸಾಧನ ಸಿಗುತ್ತದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಆ ಘನಾಂಶದ ಅಂಕಿ ಕಾಣುತ್ತದೆ. ಮೇ ಕೊನೆಯ ಮಳೆಗೆ ಸಿಕ್ಕಿದ ಹಣ್ಣು ನೀರು ಕುಡಿದಿರುತ್ತದೆ. ಏಪ್ರಿಲ್ ಹಣ್ಣಿನ ಅಳತೆಯಲ್ಲೇ ಅದಕ್ಕೂ ಸಕ್ಕರೆ ಹಾಕಿದೆಯೇನೋ ಎಂದು ನನಗೆ ಅನುಮಾನ.

ಈಗ ನನ್ನ ಕಥೆ. 2018ರಲ್ಲಿ ಶುರುಮಾಡಿದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಬೆ ಅಲ್ಲಾಡಿಸಿ ಬೀಳಿಸಿದ ಮಿಡಿಯನ್ನು, ಅಂದರೆ ಎಳೆ ಮಾವಿನಕಾಯಿಯನ್ನು, ಕೊಂಡೆ. ನೆಲಕ್ಕೆ ಬಿದ್ದು ತೊಟ್ಟು ಮುರಿದ ಮಿಡಿ ಉಪ್ಪಿನಲ್ಲಿ ಗಟ್ಟಿಯಾಗಿ ಚಿರುಟುವುದಿಲ್ಲ, ಮೆತ್ತಗಾಗಿ ಕೊಳೆಯುತ್ತದೆ. ಮೂರು ಪೀಪಾಯಿ ಹೋಯಿತು. ಅತ್ತಿದ್ದು ಒಂದು ದಿನ, ಪೀಪಾಯಿ ತೊಳೆದಿದ್ದು ಮೂರು ದಿನ. ಮರುವರ್ಷ ಮರದ ಬುಡದಲ್ಲಿ ನಾನೇ ನಿಂತೆ. ತೊಟ್ಟು ಸಹಿತ ಕೈಯಲ್ಲಿ ಕೊಯ್ದು ಚೀಲದಲ್ಲಿ ಇಳಿಸಿದ್ದಕ್ಕೆ ಮಾತ್ರ ಹಣ ಎಂದೆ. ಬೆಲೆ ದುಪ್ಪಟ್ಟಾಯಿತು, ಹಾಳಾಗಿದ್ದು ಒಂದು ಬೊಗಸೆ.

ಆಮೇಲೆ 2020. ಆ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯೆಂದು ಸಾಲ ಮಾಡಿ ಮಳಿಗೆ ಹಾಕಿದೆ, ಚೆನ್ನಾಗಿಯೇ ಮಾರಿತು. ಬಂದ ಹಣವನ್ನೆಲ್ಲ ಹೊಸ ಮಿಡಿಗೆ ಸುರಿದೆ. ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್. ಕೊಳ್ಳುವವರಿಲ್ಲ, ಕೊರಿಯರ್ ಇಲ್ಲ. ಆದರೆ ಮಿಡಿ ಉಪ್ಪಿನಲ್ಲಿತ್ತು, ಉಪ್ಪಿನಲ್ಲಿರುವ ಮಿಡಿಗೆ ಲಾಕ್‌ಡೌನ್ ಗೊತ್ತಾಗುವುದಿಲ್ಲ. ಮಸಾಲೆ ಹಾಕಿ ಬಾಟಲಿಗೆ ತುಂಬಿಸಿದ್ದರೆ ಮಾತ್ರ ನನ್ನ ಕಥೆ ಮುಗಿಯುತ್ತಿತ್ತು. ಅಂದಿನಿಂದ ಆರ್ಡರ್ ಬಂದ ಮೇಲೆಯೇ ಮಸಾಲೆ ಹಾಕುವುದು. ನೀನೂ ಹಂಗಾಮಿನಲ್ಲಿ ನಾನೂರು ಬಾಟಲಿ ಯಾಕೆ ತುಂಬಿಸುತ್ತೀ? ಸಿಪ್ಪೆ ಒಣಗಿಸಿಟ್ಟುಕೋ. ಚೆನ್ನಾಗಿ ಒಣಗಿದ ಸಿಪ್ಪೆ ಮುಂದಿನ ಹಂಗಾಮಿನವರೆಗೆ ಕಾಯುತ್ತದೆ. ಅದರಿಂದ ಬೇಕಾದಷ್ಟೇ ಶರಬತ್ತು ಮಾಡಬಹುದು, ಸಾರು ಮಾಡುವವರಿಗೆ ಹಾಗೆಯೇ ಮಾರಲೂಬಹುದು.

ಇನ್ನೊಂದು. ನನ್ನ ಲೆಕ್ಕದ ಪುಸ್ತಕದಲ್ಲಿ ಎರಡು ವರ್ಷ ನನ್ನ ಕೂಲಿ, ಅತ್ತೆಯ ಕೂಲಿ ಬರೆದಿರಲೇ ಇಲ್ಲ. ಬರೆದ ದಿನ ಗೊತ್ತಾಯಿತು: ಉಪ್ಪಿನಕಾಯಿ ಲಾಭದಲ್ಲಿತ್ತು, ಹಲಸಿನ ಹಪ್ಪಳ ನೂರಕ್ಕೆ ಮೂವತ್ತು ರೂಪಾಯಿ ನಷ್ಟದಲ್ಲಿತ್ತು. ಎಲ್ಲರೂ ಹೊಗಳುತ್ತಿದ್ದದ್ದು ಹಪ್ಪಳವನ್ನೇ! ಹಪ್ಪಳ ಬಿಟ್ಟೆ.

ಅಂಕೋಲಾ, ಹೆದ್ದಾರಿ ಬದಿಯ ಊಟದ ಹೋಟೆಲ್

ನಾನು ಮೀನುಗಾರರ ಮನೆಯವನು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಮನೆಯ ಲೆಕ್ಕ ಹತ್ತು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಊಟ. ಅಪ್ಪ ಮೇ ತಿಂಗಳಲ್ಲಿ ಅಕ್ಕಿ ಮೂಟೆ ತಂದಿಡುವವರೆಗೆ ಬೇರೆ ಯಾವ ಖರ್ಚಿಗೂ ಕೈ ಬಿಚ್ಚುತ್ತಿರಲಿಲ್ಲ. ಜಿಪುಣ ಎಂದು ನಾವೆಲ್ಲ ಒಳಗೊಳಗೇ ಬೈಯುತ್ತಿದ್ದೆವು.

2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ನಮ್ಮಂಥದೇ ಒಂದು ರಸ್ತೆಬದಿಯ ಚಹಾದಂಗಡಿ ಮನುಷ್ಯರ ಸಹಿತ ಹೋಯಿತು. ಅಂಥ ಹೊತ್ತಿನಲ್ಲಿ ನನಗೆ ವ್ಯಾಪಾರ ನಷ್ಟವಾಯಿತು ಎಂದು ಹೇಳಲೂ ನಾಚಿಕೆ. ಆದರೆ ಹೆದ್ದಾರಿ ಬಂದ್ ಆಗಿದ್ದು, ಹೋಟೆಲ್ಲಿಗೆ ಒಂದು ಲಾರಿಯೂ ಬಾರದೆ ಹೋಗಿದ್ದು ನಿಜ. ಆ ಗಾಯ ಆರುವ ಮೊದಲೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ದಕ್ಷಿಣಕ್ಕೆ ಗುಡ್ಡ, ಉತ್ತರಕ್ಕೆ ಸೇತುವೆ, ನಡುವೆ ನಾನು ಮತ್ತು ನನ್ನ ಖಾಲಿ ಬೆಂಚುಗಳು.

ನನ್ನ ಹತ್ತಿರ ಮೂರು ತಿಂಗಳ ಬಾಡಿಗೆ, ಇಬ್ಬರು ಹುಡುಗರ ಸಂಬಳ ಬೇರೆಯೇ ಖಾತೆಯಲ್ಲಿತ್ತು, ಅಪ್ಪನ ಅಕ್ಕಿ ಮೂಟೆಯ ಹಾಗೆ. ಪಕ್ಕದ ಹೋಟೆಲಿನವನ ಕೈರುಚಿ ನನಗಿಂತ ಮೇಲು, ಅವನ ಮೀನು ಸಾರು ಉಣ್ಣಲು ನಾನೇ ಹೋಗುತ್ತಿದ್ದೆ. ಸೆಪ್ಟೆಂಬರಿನಲ್ಲಿ ಅವನು ಮುಚ್ಚಿದ. ಹಾಗಾಗಿ ನಾನು ಶ್ರಮಪಟ್ಟು ಗೆದ್ದೆ ಎಂದು ಯಾರ ಮುಂದೆಯೂ ಹೇಳುವುದಿಲ್ಲ.

ನಿನಗೆ ಒಂದೇ ಪ್ರಶ್ನೆ, ತಮ್ಮಾ. ಆ ಎಪ್ಪತ್ತು ಸಾವಿರ ಬಂಡವಾಳವೋ, ಮಳೆಗಾಲದ ಅಕ್ಕಿಯೋ? ಎರಡೂ ಒಂದೇ ಚೀಲದಲ್ಲಿದ್ದರೆ ಅಪ್ಪ ಬಸ್ಸಿನ ಸಮಯ ಕೇಳುವುದರಲ್ಲಿ ತಪ್ಪೇನಿಲ್ಲ.

ಕಾರವಾರ, ಹೊಲಿಗೆ ಅಂಗಡಿ

ಲೆಕ್ಕಪತ್ರದ ಮಾತು ಬೇರೆಯವರು ಹೇಳಿದ್ದಾರೆ. ನನಗೆ ನಷ್ಟಕ್ಕಿಂತ ಕಷ್ಟವಾಗಿದ್ದು ಮದುವೆ ಮನೆಗಳಲ್ಲಿ ಕೇಳುವ "ಈಗ ಏನು ಮಾಡಿಕೊಂಡಿದ್ದೀ?" ಎಂಬ ಪ್ರಶ್ನೆ. ಒಂದು ವರ್ಷ ಮದುವೆಗಳಿಗೇ ಹೋಗಲಿಲ್ಲ. ಆಮೇಲೆ ಟೇಪನ್ನು ಪರ್ಸಿನಲ್ಲಿಟ್ಟುಕೊಂಡು ಹೋಗತೊಡಗಿದೆ. ಕೇಳಿದವರಿಗೆ "ಬ್ಲೌಸಿಗೆ ಅಳತೆ ಕೊಡುತ್ತೀರಾ?" ಎನ್ನುತ್ತಿದ್ದೆ. ಅರ್ಧ ಜನ ಸುಮ್ಮನಾದರು, ಉಳಿದರ್ಧ ಗಿರಾಕಿಗಳಾದರು.

ಸಿದ್ದಾಪುರದವನು, ಈಗ ಹುಬ್ಬಳ್ಳಿಯಲ್ಲಿ ನೌಕರಿ

ಬಿಟ್ಟವರೂ ಬರೆಯಿರಿ ಎಂದಿದ್ದೀರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ತೊಡೆದೇವು ಮಾರಲು ಹೊರಟವನು. ನಗಬೇಡಿ. ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲು ಬೆರೆಸಿದ ಹಿಟ್ಟನ್ನು ಬಟ್ಟೆಯಲ್ಲಿ ತೊಡೆದು ತೆಗೆಯುವ, ಕಾಗದಕ್ಕಿಂತ ತೆಳ್ಳಗಿನ ತಿಂಡಿಯದು. ಇಡೀ ದೇಶಕ್ಕೆ ಪಾರ್ಸೆಲ್ ಕಳಿಸುತ್ತೇನೆ ಎಂದು ಎರಡು ಲಕ್ಷ ಎಂಬತ್ತು ಸಾವಿರ ಸಾಲ ಮಾಡಿದೆ. ಮೈಸೂರು ತಲುಪುವಷ್ಟರಲ್ಲಿ ಪುಡಿ, ಮುಂಬೈಗೆ ಹೋದರೆ ಹಿಟ್ಟು. ಗಟ್ಟಿ ಪೆಟ್ಟಿಗೆ ಮಾಡಿಸಿದರೆ ಪೆಟ್ಟಿಗೆಯ ಬೆಲೆ ತಿಂಡಿಯ ಬೆಲೆಯನ್ನು ದಾಟಿತು. ಮಳೆಗಾಲದಲ್ಲಿ ತೇವ ಹಿಡಿದು ಮೆತ್ತಗಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಾತು: ಅದನ್ನು ತೊಡೆಯಲು ಬರುತ್ತಿದ್ದದ್ದು ನನ್ನ ಚಿಕ್ಕಮ್ಮ ಒಬ್ಬರಿಗೇ. ಅವರ ಮೊಣಕೈ ನೋವು ಬಂದ ದಿನ ನನ್ನ ಕಂಪನಿ ಬಂದ್.

ಇಪ್ಪತ್ತು ತಿಂಗಳಿಗೆ ಬಿಟ್ಟೆ. ನಿಜವಾಗಿ ಹತ್ತನೇ ತಿಂಗಳಿಗೇ ಗೊತ್ತಾಗಿತ್ತು. ಉಳಿದ ಹತ್ತು ತಿಂಗಳು ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಂಜಿಕೆಗೆ ಕಟ್ಟಿದ ದಂಡ. ಸಾಲ ತೀರಿಸಲು ಮೂರು ವರ್ಷ ಹಿಡಿಯಿತು. ಆದ್ದರಿಂದ ನನ್ನ ಸಲಹೆ: ನಿಲ್ಲಿಸುವ ದಿನವನ್ನೂ ಕೈಯಲ್ಲಿರುವ ಹಣ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬ ಮೊತ್ತವನ್ನೂ ತಲೆ ತಣ್ಣಗಿರುವಾಗಲೇ ಬರೆದು ಮನೆಯವರ ಕೈಗೆ ಕೊಡಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಆ ದಿನ ಪ್ರತಿ ತಿಂಗಳೂ ಮುಂದಕ್ಕೆ ಹೋಗುತ್ತದೆ.

ಅಂಕೋಲಾ, ಹೋಟೆಲ್ (ಮತ್ತೆ)

ಇದನ್ನು ನಾನು ಒಪ್ಪುವುದಿಲ್ಲ. ಬಿಡುವ ದಿನ ಗೊತ್ತಿದ್ದವನು ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತಾನೆ. ದಡ ನೋಡುತ್ತಾ ಬಲೆ ಹಾಕಿದರೆ ಮೀನು ಬೀಳುವುದಿಲ್ಲ.

ಶಿರಸಿ, ಉಪ್ಪಿನಕಾಯಿ (ಮತ್ತೆ)

ಅಣ್ಣಾ, ನಮ್ಮ ಮಾವ ಅಡಿಕೆ ಸಸಿ ನೆಟ್ಟು ಫಲಕ್ಕೆ ಆರೇಳು ವರ್ಷ ಕಾಯುತ್ತಾರೆ. ಆದರೆ ಸಸಿ ಜೀವ ಹಿಡಿದಿದೆಯೇ ಎಂದು ಮೊದಲ ಬೇಸಿಗೆಯಲ್ಲೇ ನೋಡಿ, ಒಣಗಿದ್ದನ್ನು ಕಿತ್ತು ಬೇರೆ ನೆಡುತ್ತಾರೆ. ತಮ್ಮಾ, ನಿನ್ನ ಸಸಿ ಜೀವ ಹಿಡಿದಿದೆಯೇ ಎಂದು ತಿಳಿಯುವುದು ಸುಲಭ. ಮೊದಲ ವರ್ಷ ಕೊಂಡವರಲ್ಲಿ ಎರಡನೇ ವರ್ಷ ತಾವಾಗಿಯೇ ಕೇಳಿಕೊಂಡು ಬಂದವರು ಎಷ್ಟು ಜನ? ನೆಂಟರನ್ನು ಬಿಟ್ಟು ಎಣಿಸು.

ಕುಮಟಾ, ಬ್ಯಾಂಕಿನಿಂದ ನಿವೃತ್ತ

ಚುಟುಕಾಗಿ ಹೇಳುತ್ತೇನೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅಲ್ಲಿಂದ ಹೊರಗೆ ಬನ್ನಿ. ಆ ನೋಂದಣಿ ಇದ್ದ ಸಣ್ಣ ತಯಾರಕರಿಗೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಕೊಂಡವರು 45 ದಿನದೊಳಗೆ ಹಣ ಪಾವತಿಸಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ಕಾಯ್ದೆ ಬಂದು ಉದ್ರಿ ವಸೂಲಿ ಮಾಡಿಕೊಡುವುದಿಲ್ಲ, ಆದರೆ ನೋಂದಣಿ ಸಂಖ್ಯೆಯನ್ನೂ ಆ 45 ದಿನದ ನಿಯಮವನ್ನೂ ಬಿಲ್ಲಿನಲ್ಲಿ ಅಚ್ಚು ಹಾಕಿಸಿದರೆ ಅಂಗಡಿಯವರ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಯಂತ್ರಕ್ಕೆ ಶೇಕಡಾ 35 ಸಹಾಯಧನವಿತ್ತು, ಅದರ ಮೇಲೆ ಕರ್ನಾಟಕ ಸರ್ಕಾರ ಶೇಕಡಾ 15 ಸೇರಿಸಿತು. ಯೋಜನೆ ಈಗಲೂ ಇದೆಯೇ, ಈ ವರ್ಷ ಅನುದಾನ ಉಂಟೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಯೇ ಮುಂದಡಿಯಿಡಿ. ಸಹಾಯಧನ ಕೈಗೆ ಬರುವ ಹಣವೆಂದು ಬಹಳ ಜನ ತಿಳಿಯುತ್ತಾರೆ. ಅದು ಬ್ಯಾಂಕಿನಲ್ಲೇ ಕುಳಿತಿದ್ದು ಕೊನೆಗೆ ಸಾಲಕ್ಕೆ ಜಮೆಯಾಗುತ್ತದೆ, ಅಲ್ಲಿಯವರೆಗೆ ಕಂತು ನಿಮ್ಮದೇ. ಹಳಿಯಾಳದಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ; ತರಬೇತಿ, ಊಟ, ವಸತಿ ಉಚಿತ. ಕಲಿಸುವ ಪಾಠಕ್ಕಿಂತ ಅಲ್ಲಿ ಸಿಗುವ ಜೊತೆಗಾರರು ಮುಂದೆ ಉಪಯೋಗಕ್ಕೆ ಬರುತ್ತಾರೆ.

ಕೇಳಿದವರು (ಹನ್ನೆರಡು ದಿನದ ನಂತರ)

ಎಲ್ಲರಿಗೂ ಧನ್ಯವಾದ. ಅಕ್ಕಾ, ರಿಫ್ರ್ಯಾಕ್ಟೋಮೀಟರ್ ಬಂತು. ಮನೆಯಲ್ಲಿ ಉಳಿದಿದ್ದ ಬಾಟಲಿಗಳನ್ನು ನೋಡಿದೆ. ಏಪ್ರಿಲ್‌ನಲ್ಲಿ ಮಾಡಿದ್ದು 66, ಮೇ ಕೊನೆಯಲ್ಲಿ ಮಾಡಿದ್ದು 58. ನಿಮ್ಮ ಅನುಮಾನವೇ ಸರಿ. ಮೇ ಬಾಟಲಿಗಳನ್ನೆಲ್ಲ ಚೆಲ್ಲಿದೆ, ಅಂಗಳ ಎರಡು ದಿನ ಕೆಂಪಾಗಿತ್ತು, ಇರುವೆಗಳಿಗೆ ಜಾತ್ರೆ. ತಾವಾಗಿ ಮತ್ತೆ ಕೇಳಿಕೊಂಡು ಬಂದವರು ಇಪ್ಪತ್ತಮೂರು ಜನ, ನೆಂಟರನ್ನು ಬಿಟ್ಟು. ಹೆಚ್ಚೋ ಕಡಿಮೆಯೋ ತಿಳಿಯದು, ಆದರೆ ನಾನು ಎಣಿಸುವ ಮೊದಲು ಅಂದುಕೊಂಡಿದ್ದು ಹತ್ತು.

ಅಂಕೋಲಾ ಅಣ್ಣಾ, ಕ್ಷಮಿಸಿ, ದಿನಾಂಕ ಇಟ್ಟುಕೊಂಡಿದ್ದೇನೆ. ಮುಂದಿನ ವರ್ಷದ ಮೇ 31. ಜೊತೆಗೆ ನಲವತ್ತು ಸಾವಿರವನ್ನು ಅಮ್ಮನ ಖಾತೆಗೆ ಹಾಕಿದ್ದೇನೆ, ಅದು ಅಕ್ಕಿ; ವ್ಯಾಪಾರಕ್ಕೆ ಉಳಿದಿದ್ದು ಮೂವತ್ತೇ. ಅಪ್ಪನಿಗೆ ದಿನಾಂಕ ಹೇಳಿದಾಗ ಅವರು ಏನೂ ಮಾತನಾಡದೆ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಮುಂದಿನ ವರ್ಷದ್ದು ಇನ್ನೂ ಬಂದಿಲ್ಲವಲ್ಲ, ಡಿಸೆಂಬರ್ ಹಾಳೆಯ ಬೆನ್ನಿಗೆ ಬರೆದುಕೊಂಡರು. ಆಮೇಲೆ ಸಿಪ್ಪೆ ಒಣಗಿಸಲು ಅಡಿಕೆಯ ಅಟ್ಟದಲ್ಲಿ ಏಪ್ರಿಲ್ ಹೊತ್ತಿಗೆ ಎಷ್ಟು ಜಾಗ ಬೇಕಾಗಬಹುದು ಎಂದು ಕೇಳಿದರು.