ಸಹಾಯ ಬೇಕು: ಫೋಟೋದಲ್ಲಿ ನೇರಳೆ ಬಣ್ಣ ನೀಲಿ ಆಗುತ್ತಿದೆ

ಉಲ್ಲನ್ ದಾರದಲ್ಲಿ ಹೆಣೆದ ಚೀಲಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಬೇರೆ ಬಣ್ಣಗಳು ಪರವಾಗಿಲ್ಲ, ಆದರೆ ಕಡು ನೇರಳೆ ಮಾತ್ರ ಪ್ರತಿ ಸಲ ನೀಲಿಯಾಗಿ ಕಾಣುತ್ತದೆ, ಕೊಂಡವರು ‘ಫೋಟೋದಲ್ಲಿದ್ದ ಬಣ್ಣ ಇದಲ್ಲ’ ಅಂತ ವಾಪಸ್ ಕಳಿಸುತ್ತಿದ್ದಾರೆ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, ರಾ ಫಾರ್ಮ್ಯಾಟ್‌ನಲ್ಲೇ (ಬಣ್ಣ ಆಮೇಲೆ ಹೊಂದಿಸಲು ಬರುವ ಕಚ್ಚಾ ಫೈಲ್) ತೆಗೆಯುತ್ತೇನೆ, ಕಿಟಕಿ ಬೆಳಕು ಬೆರೆಯದಂತೆ ಪರದೆ ಎಳೆದು, ಗ್ರೇ ಕಾರ್ಡ್ (ಬೂದು ಬಣ್ಣದ ಅಳತೆ ಕಾರ್ಡ್) ಇಟ್ಟು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ, ಸೆಟ್ ಮಾಡುತ್ತೇನೆ. ಕಾರ್ಡ್ ಸರಿಯಾಗಿ ಬೂದು ಬಣ್ಣದಲ್ಲೇ ಬರುತ್ತದೆ, ನೇರಳೆ ಮಾತ್ರ ಹಟ ಬಿಡುವುದಿಲ್ಲ.

ಲೈಟ್ ಅಂದರೆ ಮಾಮೂಲಿ ಎಲ್‌ಇಡಿ ಬಲ್ಬುಗಳು, ಡಬ್ಬದ ಮೇಲೆ ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅನ್ನುವ ಅಂಕ, ಗರಿಷ್ಠ 100) 80 ಅಂತಿದೆ. ನನಗೆ ಅನುಮಾನ ಅದರ ಮೇಲೇ. ದುಡ್ಡು ಕಮ್ಮಿ, ಸದ್ಯಕ್ಕೆ ಒಂದನ್ನೇ ಕೊಳ್ಳಬಹುದು: ಸಿಆರ್‌ಐ 95ರ ಬಲ್ಬುಗಳಾ, 24 ಬಣ್ಣದ ಕಲರ್ ಚಾರ್ಟಾ? ಚಾರ್ಟ್‌ನ ಫೋಟೋ ತೆಗೆದು ಪ್ರೊಫೈಲ್ (ಕ್ಯಾಮೆರಾದ ಬಣ್ಣಗಳನ್ನು ತಾನೇ ತಿದ್ದುವ ಸೆಟ್ಟಿಂಗ್) ಮಾಡಿದರೆ ಈ ಹಳೇ ಬಲ್ಬಿನಲ್ಲೇ ನೇರಳೆ ಸರಿಹೋಗುತ್ತದಾ? ಸುಮ್ನೆ ಎಡಿಟಿಂಗ್‌ನಲ್ಲಿ ತಿದ್ದು ಅನ್ನಬೇಡಿ, ಒಂದೊಂದು ಫೋಟೋಗೂ ಕೂತು ಸಾಕಾಗಿದೆ. ಮಾಡಿ ನೋಡಿದವರು ಹೇಳಿ.