ರೆಂಡರ್ ಮಾಡುವಾಗ ಪ್ರೊಸೆಸರ್ 86 ಡಿಗ್ರಿ ತಲುಪುತ್ತದೆ, ಇದು ಸಹಜವೇ?

ಪ್ರಶ್ನೆ, ಹಾಸನದಿಂದ:

ಮದುವೆ ವಿಡಿಯೊಗಳನ್ನು ಸಂಕಲಿಸುವ ನನ್ನ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ ಐ5-12400 ಪ್ರೊಸೆಸರ್ ಇದ್ದು, ಪೆಟ್ಟಿಗೆಯೊಂದಿಗೆ ಬಂದ ಕೂಲರನ್ನೇ ಬಳಸುತ್ತಿದ್ದೇನೆ. ಕೆಲಸವಿಲ್ಲದಾಗ 42 ಡಿಗ್ರಿ ಸೆಲ್ಸಿಯಸ್ ಇರುವ ತಾಪಮಾನ, ಈ ಏಪ್ರಿಲ್‌ನಲ್ಲಿ ರೆಂಡರ್ ಮಾಡುವಾಗ, ಅಂದರೆ ಸಂಕಲಿಸಿದ್ದನ್ನು ಅಂತಿಮ ವಿಡಿಯೊ ಮಾಡುವಾಗ, 86ಕ್ಕೆ ಏರುತ್ತಿದೆ. ಮಳೆಗಾಲದಲ್ಲಿ ಇದೇ ಕೆಲಸಕ್ಕೆ 76 ದಾಟುತ್ತಿರಲಿಲ್ಲ. ಪ್ರೊಸೆಸರ್ ಹಾಳಾಗುವ ಮೊದಲೇ ದ್ರವದಿಂದ ತಣಿಸುವ ಲಿಕ್ವಿಡ್ ಕೂಲರ್ ಹಾಕಿಸಬೇಕೇ?

ಉತ್ತರ, ಚಿಕ್ಕಮಗಳೂರಿನಿಂದ:

ಹಾಕಿಸಬೇಕಾಗಿಲ್ಲ. ಕೂಲರ್ ಯಾವುದೇ ಇರಲಿ, ಅದು ಪ್ರೊಸೆಸರಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆಯೇ ಹೊರತು ಕೋಣೆಯನ್ನು ತಂಪು ಮಾಡುವುದಿಲ್ಲ. ಹೀಗಾಗಿ ಜುಲೈನಲ್ಲಿ 22 ಡಿಗ್ರಿ ಇದ್ದ ಕೋಣೆ ಏಪ್ರಿಲ್‌ನಲ್ಲಿ 32 ಆದರೆ, ಒಳಗಿನ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನೀವು ಹೇಳಿದ 10 ಡಿಗ್ರಿಯ ಅಂತರಕ್ಕೆ ಇದೇ ಕಾರಣವಿರಬೇಕು.

ಈ ಪ್ರೊಸೆಸರಿಗೆ ಇಂಟೆಲ್ ನಿಗದಿಪಡಿಸಿದ ಗರಿಷ್ಠ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಮಿತಿಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಬೇರೆಯವರ ಅಂಕಿಯೊಂದಿಗೆ ಹೋಲಿಸಿ ಗಾಬರಿಯಾಗಬಾರದು: ಎಎಂಡಿಯ ರೈಜೆನ್ 5 5600ಕ್ಕೆ ಮಿತಿ 90 ಡಿಗ್ರಿ, ಆದರೆ ರೈಜೆನ್ 7 7700ಎಕ್ಸ್ ಭಾರೀ ಕೆಲಸದಲ್ಲಿ 95 ಡಿಗ್ರಿಯಲ್ಲೇ ನಿರಂತರ ನಡೆಯುವಂತೆ ವಿನ್ಯಾಸಗೊಂಡಿದೆ.

ತಾಪಮಾನಕ್ಕಿಂತ ವೇಗವನ್ನು ಗಮನಿಸಿ. ರೆಂಡರ್ ನಡೆಯುವಾಗ ಎಚ್‌ಡಬ್ಲ್ಯುಇನ್ಫೊ ಎಂಬ, ತಾಪಮಾನ ಮತ್ತು ವೇಗ ತೋರಿಸುವ ತಂತ್ರಾಂಶ ತೆರೆದು, ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದಾಗಿ ವೇಗ ತಗ್ಗುವುದು) ಎಂಬ ಸಾಲಿನಲ್ಲಿ 'ಯೆಸ್' ಎಂದು ಬರುತ್ತದೆಯೇ ನೋಡಿ. ಕೆಲವು ಮದರ್‌ಬೋರ್ಡುಗಳು ಸ್ವಲ್ಪ ಹೊತ್ತು 117 ವಾಟ್‌ವರೆಗೆ ವಿದ್ಯುತ್ ಬಳಸಲು ಬಿಟ್ಟು, ಬಳಿಕ 65 ವಾಟ್‌ಗೆ ಇಳಿಸುತ್ತವೆ; ಆಗ ವೇಗ ಕುಗ್ಗಿದರೆ ಅದು ವಿದ್ಯುತ್ ಮಿತಿಯಿಂದ, ಬಿಸಿಯಿಂದಲ್ಲ.

ಉತ್ತರ, ಸಕಲೇಶಪುರದಿಂದ:

ಮೇಲಿನ ಮಾತು ಸರಿ. ಆದರೆ ಧೂಳನ್ನು ಮರೆಯಬೇಡಿ. ನಮ್ಮ ಕಡೆ ಕಾಫಿ ಕಣದ ಪಕ್ಕದ ಆಫೀಸುಗಳಲ್ಲಿ ಹೊಟ್ಟಿನ ಪುಡಿ ಹೀಟ್‌ಸಿಂಕಿನ (ಕೂಲರಿನ ಲೋಹದ ಭಾಗದ) ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಕೋಣೆ ಅಷ್ಟೇ ಬಿಸಿಯಿದ್ದೂ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಮೊದಲು ಬ್ಲೋವರ್‌ನಿಂದ ಶುಚಿ ಮಾಡಿ, ಆಮೇಲೂ ಇಳಿಯದಿದ್ದರೆ ಪ್ರೊಸೆಸರ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಮಲೆನಾಡಿನ ತೇವದ ಬಗ್ಗೆ ಹಲವರು ಆತಂಕಪಡುತ್ತಾರೆ. ಗಾಳಿಯಿಂದ ತಣಿಯುವ ಯಂತ್ರದ ಯಾವ ಭಾಗವೂ ಕೋಣೆಗಿಂತ ತಂಪಾಗದ ಕಾರಣ, ಚಾಲನೆಯಲ್ಲಿರುವಾಗ ಅದರ ಮೇಲೆ ನೀರು ಕಟ್ಟುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿಟ್ಟ ಕಂಪ್ಯೂಟರಿನಲ್ಲಿ ಧೂಳು ತೇವ ಹೀರಿ ಬೋರ್ಡನ್ನು ಕೊರೆಯುವುದೇ ನಿಜವಾದ ಅಪಾಯ.

ಪ್ರಶ್ನೆ ಕೇಳಿದವರು:

ನೋಡಿದೆ. ಥ್ರಾಟ್ಲಿಂಗ್ ಸಾಲಿನಲ್ಲಿ ಉದ್ದಕ್ಕೂ 'ನೋ' ಎಂದೇ ಇತ್ತು, ವೇಗ 4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತಿತ್ತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟರೆ ಇನ್ನೂ ಒಳ್ಳೆಯದೇ?

ಉತ್ತರ, ಚಿಕ್ಕಮಗಳೂರಿನಿಂದ:

ಪರೀಕ್ಷೆಗೆ ಮಾತ್ರ ತೆಗೆಯಿರಿ. ತೆಗೆದಾಗ ಏಳೆಂಟು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡುತ್ತಿಲ್ಲವೆಂದು ಅರ್ಥ. ಆಗ ಹಿಂಬದಿಗೆ 120 ಮಿಲಿಮೀಟರಿನ ಫ್ಯಾನ್ ಒಂದನ್ನು ಹಾಕಿಸಿದರೆ ಸಾಕು.